ಇರು, ಬಂದೆ

ಮಾರ್ಚ್ 4, ಮಂಗಳವಾರ

ಮಾತಾಡಬಾರದಂತೆ. ನನಗೆ ಹೇಳುತ್ತಾರೆ, ನನಗೆ!

ಗಂಟಲು ಡಾಕ್ಟರು ಮೂಗಿನ ಮೂಲಕ ತೆಳ್ಳನೆಯ ನಳಿಕೆಯೊಂದನ್ನು ಇಳಿಸಿ, ಎದುರಿನ ಪರದೆಯ ಮೇಲೆ ನನ್ನ ಧ್ವನಿತಂತುಗಳನ್ನು ನನಗೇ ತೋರಿಸಿದರು. ಇಷ್ಟು ವರ್ಷ ಇವು ದುಡಿದು ಹಾಕಿದ ಅನ್ನ ತಿಂದಿದ್ದೇನೆ, ಮುಖ ನೋಡಿದ್ದು ಇವತ್ತೇ. ಎರಡು ಬಿಳಿ ಪಟ್ಟಿಗಳು, ಎರಡರ ಅಂಚಿನಲ್ಲೂ ಕಾಳಿನಷ್ಟು ಗಂಟು. "ಇಷ್ಟು ಬಳಸಿದ್ರೆ ಚಪ್ಪಲಿನೂ ಸವೆಯುತ್ತೆ," ಅಂದರು. ಮಾತು ಬೇಡ, ಪಿಸುಮಾತು ಇನ್ನೂ ಬೇಡ, ಸ್ನಾನದ ಮನೆಯಲ್ಲಿ ಗುನುಗುವುದಂತೂ ಬೇಡವೇ ಬೇಡ. ಎಷ್ಟು ದಿನ ಅಂತ ಕೇಳಲು ಬಾಯಿ ತೆರೆದರೆ ಬೆರಳನ್ನು ತಮ್ಮ ತುಟಿಗೆ ಒತ್ತಿಕೊಂಡರು. ಒಂದೂವರೆ ತಿಂಗಳು ಕಳೆಯಲಿ, ಆಮೇಲೆ ನೋಡೋಣ ಅಂದರು.

ಹೊರಗೆ ಕಾದಿದ್ದ ತಂಗಿ ದಾರಿಯಲ್ಲಿ ಈ ಡೈರಿ ಕೊಡಿಸಿದಳು. "ಎಲ್ಲಾ ಒಳಗೇ ಇಟ್ಕೊಂಡ್ರೆ ನಿನ್ನ ಹೊಟ್ಟೆ ಒಡೆದು ಹೋಗುತ್ತೆ ಅಕ್ಕಾ. ಇದರಲ್ಲಿ ಬೈದು ಹಗುರಾಗು."

ಬೈಯುವುದೇನು ಬಂತು. ಶನಿವಾರದ್ದೇ ಚಿಂತೆ. ಹೋಟೆಲಿನ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ನಮ್ಮದು ಕಾರ್ಯಕ್ರಮ. ಇಪ್ಪತ್ತೆರಡು ವರ್ಷದಲ್ಲಿ ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ತಂಗಿ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ನನ್ನ ಹಿಂದೆ ಎಡಕ್ಕೆ ನಿಂತು ಜೊತೆದನಿ ಕೊಡುತ್ತಾಳೆ. ಅವಳ ಗಂಡ ನಮ್ಮ ಬೇಸ್ ಗಿಟಾರಿನವನು. ನಾನು ಅವನನ್ನು ಕರೆಯುವುದು ದಪ್ಪತಂತಿ ಅಂತ. ತಂಗಿಯೇ ನನ್ನ ಜಾಗದಲ್ಲಿ ನಿಂತು ಹೇಗೋ ಸುಧಾರಿಸಲಿ ಅಂತ ಚೀಟಿ ಬರೆದು ತೋರಿಸಿದೆ. ಅವಳ ಮುಖ ಸುಣ್ಣದ ಗೋಡೆಯಾಯಿತು.

ಮಾರ್ಚ್ 6, ಗುರುವಾರ

ಅಮ್ಮನಿಗೆ ಕಿವಿ ಕೇಳಿಸದು, ನನಗೆ ಬಾಯಿ ಇಲ್ಲ. ಇನ್ನು ಮನೆ ನಡೆಯುವುದು ಕೈಸನ್ನೆಯಲ್ಲಿ. ವಿಷಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಓದಿ, ಕನ್ನಡಕ ತೆಗೆದಿಟ್ಟು, ನನ್ನ ತಲೆ ಸವರಿದಳು. "ನೀನು ಮಾತಾಡಿದ್ರೂ ನಂಗೆ ಕೇಳ್ತಿರ್ಲಿಲ್ಲ ಬಿಡು ಮಗಳೇ. ನನ್ನ ಮಟ್ಟಿಗೆ ಏನೂ ಬದಲಾಗಿಲ್ಲ."

ಕಿವಿ ಕೇಳುತ್ತಿದ್ದ ಕಾಲದಲ್ಲೂ ನನ್ನ ಹಾಡು ಅವಳಿಗೆ ಹಿಡಿಸಿದ್ದಿಲ್ಲ. ನಾನು ಸೋಲ್ ಹಾಡುತ್ತೇನೆ, ಸೋಲ್ ಅಂದರೆ ಆತ್ಮ, ಎದೆಯ ಆಳದಿಂದ ಎಳೆದು ತರುವ ಹಾಡು ಅಂತ ಎಷ್ಟು ಬಿಡಿಸಿ ಹೇಳಿದರೂ ಅವಳ ಲೆಕ್ಕದಲ್ಲಿ ಅದು ಸೋಲಿನ ಹಾಡೇ. "ಅಷ್ಟೊಂದು ಸೋಲು ಯಾಕೆ? ಒಂದಾದ್ರೂ ಗೆಲುವಿನ ಹಾಡು ಹೇಳೇ," ಅನ್ನುತ್ತಿದ್ದಳು.

ಮಾರ್ಚ್ 8, ಶನಿವಾರ

ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತು ನಮ್ಮದೇ ಕಾರ್ಯಕ್ರಮ ನೋಡಿದೆ. ಒಂದು ಚೀಟಿಯಲ್ಲಿ ತಂಗಿಯ ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಾ ಹೋದೆ. ಚೀಟಿ ಸಾಲದೆ ಹೋಟೆಲಿನವರ ಕಾಗದದ ಕರವಸ್ತ್ರದ ಮೇಲೂ ಬರೆಯಬೇಕಾಯಿತು. ಮೈಕಿನ ಕಂಬದ ಹಿಂದೆ ಅಡಗುತ್ತಾಳೆ, ಬಾಗಿಲ ಸಂದಿಯಿಂದ ಇಣುಕುವವಳ ಹಾಗೆ. ಕೈ ಎರಡೂ ಸೊಂಟಕ್ಕೆ ಅಂಟಿಕೊಂಡಿರುತ್ತವೆ. ನಾನು ಜಗ್ಗಾಡಿ ಎಳೆಯುವ ಸ್ವರವನ್ನು ಅವಳು ತಟ್ಟೆ ಇಟ್ಟಷ್ಟು ಮೆಲ್ಲಗೆ ಇಟ್ಟು ಬರುತ್ತಾಳೆ. ಪಕ್ಕದ ಮೇಜಿನ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ಸೂಪು ಬಿಸಿಯಿತ್ತೇನೋ.

ಮುಗಿದ ಮೇಲೆ ಚೀಟಿ, ಕರವಸ್ತ್ರ ಎರಡೂ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದಳು. "ಸರಿ ಅಕ್ಕಾ," ಅಂದಳು. ಇದೊಂದು ಒಳ್ಳೆಯ ಗುಣ ಇದೆ ಅವಳಲ್ಲಿ, ಎದುರಾಡುವುದಿಲ್ಲ.

ಮಾರ್ಚ್ 19, ಬುಧವಾರ

ದಪ್ಪತಂತಿ ಬಂದಿದ್ದ. ನಾವು ಏಳು ವರ್ಷದ ಹಿಂದೆ ಸ್ಟುಡಿಯೋದಲ್ಲಿ ಹಾಡಿಟ್ಟ 'ಕದ ತಟ್ಟಿದೆ' ಹಾಡನ್ನು ಯಾರಿಗೋ ಕೇಳಿಸಿದನಂತೆ. ಡಾನ್ಸ್ ಸಂಗೀತ ಮಾಡುವ ಹುಡುಗಿಯಂತೆ. ಅದರಿಂದ ಏನೋ ಹೊಸದು ಕಟ್ಟುತ್ತೇನೆ ಅಂದಳಂತೆ.

"ಮಾಡ್ಲಾ ಬೇಡ್ವಾ, ಹೇಳಿ ಅತ್ತಿಗೆ."

ಹೇಗೆ ಹೇಳಲಿ? ತೊಲಗು ಅಂತ ಕೈ ಬೀಸಿದೆ. "ಏನಾದ್ರೂ ಮಾಡ್ಕೊಳ್ಳಿ ಅಂತೀರಾ? ಥ್ಯಾಂಕ್ಸ್ ಅತ್ತಿಗೆ!" ಅಂತ ಎದ್ದು ಹೋಗಿಯೇ ಬಿಟ್ಟ. ಹಿಂದೆ ಓಡಿ ಕೂಗಲೂ ಆಗಲಿಲ್ಲ. ಮೂಕರ ಕಷ್ಟ ದೇವರಿಗೇ ಗೊತ್ತು.

ಏಪ್ರಿಲ್ 2, ಬುಧವಾರ

ಬಂತು, ಅವರ ಹೊಸದು. ತಂಗಿಯ ಮೊಬೈಲಿನಲ್ಲಿ ಕೇಳಿದೆ.

'ಕದ ತಟ್ಟಿದೆ' ನನ್ನ ಜೀವನದ ಅತ್ಯುತ್ತಮ ಹಾಡು. ಮನೆ ಬಿಟ್ಟು ಹೋದವಳೊಬ್ಬಳು ಚಳಿಯ ಬೆಳಗಿನಲ್ಲಿ ಹಿಂದಿರುಗಿ ಬಾಗಿಲು ತಟ್ಟುತ್ತಾಳೆ. ಮೂರು ಚರಣ ತಟ್ಟುತ್ತಲೇ ಇರುತ್ತಾಳೆ. ಕೊನೆಗೆ ಒಳಗಿಂದ ಒಂದು ದನಿ, "ಇರು, ಬಂದೆ" ಅನ್ನುತ್ತದೆ. ಆ ಎರಡು ಪದವನ್ನು ನಾನೂ ತಂಗಿಯೂ ಸೇರಿ ಹಾಡಿದ್ದೆವು. ಅಷ್ಟೇ, ಹಾಡು ಮುಗಿಯಿತು. ಕೇಳಿದವರು ಸ್ವಲ್ಪ ಹೊತ್ತು ಚಪ್ಪಾಳೆ ತಟ್ಟುವುದನ್ನೂ ಮರೆಯುತ್ತಿದ್ದರು.

ಆ ಪುಣ್ಯಾತ್ಗಿತ್ತಿ ಮೂರು ಚರಣವನ್ನೂ ಕಿತ್ತು ಬಿಸಾಕಿದ್ದಾಳೆ! ಉಳಿದದ್ದು "ಇರು, ಬಂದೆ" ಮಾತ್ರ. ಅದನ್ನೇ ವೇಗ ಹೆಚ್ಚಿಸಿ, ಕತ್ತರಿಸಿ, ಮತ್ತೆ ಮತ್ತೆ ಜೋಡಿಸಿದ್ದಾಳೆ. ಕೆಳಗೆ ದಬ್ ದಬ್ ದಬ್ ದಬ್, ಒರಳಲ್ಲಿ ಕಲ್ಲು ಕುಟ್ಟಿದ ಹಾಗೆ. ಮೇಲೆ ನನ್ನ ದನಿ: ಇರು, ಬಂ-ದೆ! ಇರು, ಬಂ-ದೆ! ಬಂ ಬಂ ಬಂ-ದೆ! ಬರುತ್ತೇನೆ ಬರುತ್ತೇನೆ ಅಂತ ಆರು ನಿಮಿಷ ಅರಚಿ ಕೊನೆಗೂ ಬಾರದ ಪ್ಲಂಬರ್ ಹಾಗೆ.

ಇದಕ್ಕೆ ಹೌಸ್ ಅನ್ನುತ್ತಾರಂತೆ. ಹೆಸರು ಮನೆ, ಆದರೆ ಮನೆಯಲ್ಲಿರುವವರು ಯಾರೂ ಕೇಳುವ ಹಾಗಿಲ್ಲ.

ದಪ್ಪತಂತಿ, "ಅದರಲ್ಲಿ ಒಂದು ವಿಷಯ ಏನಂದ್ರೆ ಅತ್ತಿಗೆ..." ಅಂತ ಶುರು ಮಾಡಿದ. ಮೇಜಿನ ಕೆಳಗೆ ಏನೋ ಸದ್ದಾಯಿತು, ಅವನು ಕಾಲು ಹಿಡಿದುಕೊಂಡ. ವಿಷಯ ಏನೆಂದು ಆಮೇಲೆ ಹೇಳಲೇ ಇಲ್ಲ.

ಏಪ್ರಿಲ್ 11, ಶುಕ್ರವಾರ

ಬ್ರೆಡ್ಡಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಒಳಗಿಂದ ಮಾಲೀಕ, "ಇರು, ಬಂ-ದೆ!" ಅಂತ ರಾಗವಾಗಿ ಕೂಗಿದ. ಸಾಲಿನಲ್ಲಿದ್ದ ನಾಲ್ಕು ಜನ ಅದನ್ನೇ ತಿರುಗಿ ಹಾಡಿದರು. ಬಸ್ಸಿನ ಬಾಗಿಲು ಮುಚ್ಚುತ್ತಿರುವಾಗ ಓಡಿ ಬಂದ ಹುಡುಗಿಯರು ಹಾಡಿದರು, ಡ್ರೈವರ್ ಬ್ರೇಕ್ ಹಾಕಿ ತಾನೂ ಹಾಡಿದ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, "ನಿಮ್ಮದಂತಲ್ಲ! ನನ್ನ ಮಗ ಸ್ನಾನಕ್ಕೆ ಕರೆದ್ರೆ ಅದನ್ನೇ ಹಾಡ್ತಾನೆ, ಬರೋದು ಮಾತ್ರ ಇಲ್ಲ!" ಅಂದಳು.

ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಹಾಡಿದೆ, ನಮ್ಮ ಬೀದಿಯಾಚೆ ನಾಯಿಯೂ ಕತ್ತೆತ್ತಿ ನೋಡಲಿಲ್ಲ. ಬಾಯಿ ಮುಚ್ಚಿಕೊಂಡು ಕೂತ ಒಂದೇ ತಿಂಗಳಲ್ಲಿ ಊರೆಲ್ಲ ನನ್ನದೇ ದನಿ! ಮೊದಲೇ ಗೊತ್ತಿದ್ದರೆ ಯಾವಾಗಲೋ ಬಾಯಿ ಮುಚ್ಚುತ್ತಿದ್ದೆ.

ಏಪ್ರಿಲ್ 13, ಭಾನುವಾರ

ಪತ್ರಿಕೆಯಲ್ಲಿ ಬಂದಿದೆ! ಕತ್ತರಿಸಿ ಇಲ್ಲೇ ಅಂಟಿಸಿದ್ದೇನೆ. ಸಂಗೀತದ ಅಂಕಣ ಬರೆಯುವ ದೊಡ್ಡ ಮನುಷ್ಯ ಬರೆದದ್ದು: "ಈ ಹಾಡಿನ ಜೀವ ಇರುವುದು 'ಬಂ' ಮತ್ತು 'ದೆ' ನಡುವಿನ ಆ ಸಣ್ಣ ಬಿಕ್ಕಿನಲ್ಲಿ. ನೊಂದು ಬೆಂದ ಆತ್ಮಕ್ಕೆ ಮಾತ್ರ ಸಾಧ್ಯವಾಗುವ ಬಿಕ್ಕು ಅದು. ಒಂದು ಇಡೀ ಬದುಕು ಅಲ್ಲಿ ಉಸಿರು ಹಿಡಿದು ನಿಂತಿದೆ."

ನಾನು ನೊಂದದ್ದು ನಿಜ, ಬೆಂದದ್ದೂ ನಿಜ. ಕೊನೆಗೂ ಒಬ್ಬನಿಗೆ ಕೇಳಿಸಿತಲ್ಲ. ತಂಗಿಗೆ ಓದಲು ಕೊಟ್ಟೆ. ಓದುತ್ತಾ ಓದುತ್ತಾ ಕಿವಿಯ ತುದಿಯವರೆಗೂ ಕೆಂಪಾದಳು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಅಕ್ಕನ ಬಗ್ಗೆ ಅಷ್ಟು ಹೆಮ್ಮೆ! ಪಾಪ, ಬಾಯಿಬಿಟ್ಟು ಹೇಳಿಕೊಳ್ಳುವುದು ಅವಳಿಗೆ ಯಾವಾಗಲೂ ಕಷ್ಟ.

ಕನ್ನಡಿಯ ಮುಂದೆ ನಿಂತು, ಜನ ಹೊಗಳಿದಾಗ ಹೇಗೆ ತಲೆ ತಗ್ಗಿಸಬೇಕು ಅಂತ ಅಭ್ಯಾಸ ಮಾಡಿದೆ.

ಏಪ್ರಿಲ್ 16, ಬುಧವಾರ

ಪಾತ್ರೆ ತೊಳೆಯುವಾಗ ಕಿಟಕಿಯಾಚೆ ಯಾರದೋ ಕಾರಿನಲ್ಲಿ ಅದೇ ಹಾಡು ಬಂತು. ಕಾರು ಹೋದ ಮೇಲೂ ಪಾತ್ರೆಗಳು ಅದೇ ತಾಳಕ್ಕೆ ಬೋರಲಾಗುತ್ತಿದ್ದವು. ಬಲಗಾಲಿನ ಹಿಮ್ಮಡಿಯೂ ನೆಲ ಕುಟ್ಟುತ್ತಿತ್ತು. ಜೋಮು ಹಿಡಿದಿತ್ತು, ಬೇರೇನಿಲ್ಲ.

ಒಂದು ಮಾತು ಮಾತ್ರ ಒಪ್ಪಬೇಕು. ಆ ದಬ್ ದಬ್ ಬರೀ ಕುಟ್ಟುವುದಲ್ಲ. ಎರಡು ಏಟಿನ ನಡುವೆ ಒಂದು ಜಾಗ ಬಿಟ್ಟಿದ್ದಾಳೆ. ದನಿ ಅಲ್ಲಿ ಬಂದು ಕೂರುತ್ತದೆ, ಕುರ್ಚಿ ಹಾಕಿಟ್ಟು ಕರೆದ ಹಾಗೆ.

ಏಪ್ರಿಲ್ 22, ಮಂಗಳವಾರ

ಡಾಕ್ಟರು ಮತ್ತೆ ನಳಿಕೆ ಇಳಿಸಿದರು. ಗಂಟು ಕರಗಿದೆ. "ಈಗ ಮಾತಾಡಿ, ಮೆಲ್ಲಗೆ."

ಇಷ್ಟು ದಿನ ಕೂಡಿಟ್ಟ ಮಾತು ಸಾವಿರವಿತ್ತು. ಬಾಯಿ ತೆರೆದರೆ ಹೊರಗೆ ಬಂದದ್ದು, "ನೀರು" ಅಂತ. ಅದೂ ಯಾರದೋ ದನಿ. ಒರಟು, ಕೆಳಗಿನದು, ಬಾವಿಯ ತಳದಿಂದ ಮಾತಾಡಿದ ಹಾಗೆ. ಕೆಲವು ದಿನ ಹೀಗೇ ಇರುತ್ತದೆ ಅಂದರು. ಮೇಲಿನ ಸ್ವರಗಳು? ಅವರು ಕೈ ತೊಳೆಯುತ್ತಾ ಬೆನ್ನು ತಿರುಗಿಸಿಯೇ ಉತ್ತರ ಕೊಟ್ಟರು. "ಬರಬಹುದು. ಬರದೆಯೂ ಇರಬಹುದು. ಸುಳ್ಳು ಹೇಳಿ ಕಳಿಸೋಕ್ಕೆ ನಂಗಿಷ್ಟ ಇಲ್ಲ."

ಏಪ್ರಿಲ್ 24, ಗುರುವಾರ

ಹಾಡಿ ನೋಡಿದೆ. ಮೇಲೆ ಏನೂ ಇಲ್ಲ. ಇದ್ದ ಜಾಗದಲ್ಲಿ ಬರೀ ಗಾಳಿ.

ಮೇ 5, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಶನಿವಾರಗಳಲ್ಲಿ ತಂಗಿಯೇ ಹಾಡುತ್ತಿದ್ದಾಳೆ. ನಾನು ಹೋಗಲಿಲ್ಲ.

ಇವತ್ತು ಆ ಡಾನ್ಸ್ ಸಂಗೀತದ ಹುಡುಗಿ ತಾನಾಗಿ ಮನೆಗೆ ಬಂದಳು. ಹುಡುಗಿ ಅಂದರೂ ಮೂವತ್ತು ದಾಟಿರಬೇಕು. ಒಂದು ಕಡೆ ನಿಲ್ಲುವ ಜೀವವಲ್ಲ. ನಮ್ಮ ಮನೆಯ ತಿರುಗುವ ಸ್ಟೂಲಿನ ಮೇಲೆ ಕೂತು, ಮಾತಾಡುವಷ್ಟು ಹೊತ್ತೂ ಸುತ್ತುತ್ತಲೇ ಇದ್ದಳು. ಗಿರಗಿಟ್ಲೆ ಅಂತ ಹೆಸರಿಟ್ಟೆ. ತಿಂಗಳ ಕೊನೆಯ ಭಾನುವಾರ ತರಕಾರಿ ಮಾರ್ಕೆಟ್ಟಿನ ತಾರಸಿಯಲ್ಲಿ ಮಧ್ಯಾಹ್ನದ ಕುಣಿತ ಇಟ್ಟಿದ್ದಾಳಂತೆ. ಸಾವಿರ ಜನ ಬರುತ್ತಾರಂತೆ.

"ನೀವು ಬಂದು ಎದುರಿಗೇ ಹಾಡ್ಬೇಕು ಆಂಟಿ. ಅದಕ್ಕೂ ಮೊದಲು ಸ್ಟುಡಿಯೋದಲ್ಲಿ ಇನ್ನೊಂದಿಷ್ಟು ಹಾಡಿಸ್ಕೋತೀನಿ. ಹಾಡನ್ನ ಉದ್ದ ಮಾಡೋದಿದೆ."

ಆಂಟಿ ಅಂದದ್ದಕ್ಕೆ ಬೇರೆ ದಿನವಾಗಿದ್ದರೆ ಸ್ಟೂಲಿನಿಂದ ಇಳಿಸುತ್ತಿದ್ದೆ. ಗಂಟಲಿನ ಸ್ಥಿತಿ ಹೇಳಿದೆ. ಅವಳು ಸುತ್ತುವುದನ್ನು ನಿಲ್ಲಿಸಿ ನನ್ನ ದನಿ ಕೇಳಿದಳು. "ಇದೂ ಚೆನ್ನಾಗಿದೆಯಲ್ಲ," ಅಂದಳು. ಕಣ್ಣಲ್ಲಿ ಕನಿಕರ ಇದೆಯಾ ಅಂತ ನೋಡಿದೆ. ಇರಲಿಲ್ಲ.

ಬರುತ್ತೇನೆ ಅಂದುಬಿಟ್ಟೆ.

ಮೇ 8, ಗುರುವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ತಂಗಿಯನ್ನು ಸ್ಟುಡಿಯೋಗೆ ಕರೆದೆ, ಅಂಗಡಿಯಲ್ಲಿ ಕೆಲಸ ಇದೆ ಅಂದಳು. ಒಬ್ಬಳೇ ಹೋದೆ. ಗೋಡೆಗಳಿಗೆಲ್ಲ ಮೊಟ್ಟೆಯ ತಟ್ಟೆಯಂಥ ಸ್ಪಂಜು ಹೊಡೆದ ಸಣ್ಣ ಕೋಣೆ. ಗಾಜಿನಾಚೆ ಗಿರಗಿಟ್ಲೆ. "ಇರು, ಬಂದೆ" ಅಂತ ಹಾಡಿದೆ. ಮತ್ತೆ ಹಾಡಿದೆ. ಆ ಬಿಕ್ಕು ಬರುವ ಹಾಗೆ ನೊಂದು ಹಾಡಿದೆ, ಬೆಂದು ಹಾಡಿದೆ. ಅವಳು ತಲೆ ಕೆರೆದುಕೊಂಡಳು.

"ಚೆನ್ನಾಗೇ ಇದೆ ಆಂಟಿ. ಆದ್ರೆ ಆ ಗಂಟಲಲ್ಲ ಇದು."

"ಕಾಯಿಲೆ ಬಿದ್ದ ಗಂಟಲು ಕಣಮ್ಮಾ."

"ಅದಲ್ಲ. ಸ್ವರದ ಹೆಚ್ಚುಕಮ್ಮಿ ನಾನು ಸರಿ ಮಾಡ್ಕೋತೀನಿ. ಇದು ಬೇರೆ ಮನುಷ್ಯರದು." ಏನೋ ಗುಂಡಿಗಳನ್ನು ಒತ್ತಿದಳು. "ಹಳೇ ರೆಕಾರ್ಡಿಂಗಲ್ಲಿ ಎರಡು ಮೈಕಿತ್ತು. ನಾನು ತಗೊಂಡಿದ್ದು ಎರಡನೇ ಮೈಕಿನದು. ಅದು ನಿಮ್ಮದಲ್ವಾ?"

ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಆ ಒಂದೇ ಮೈಕು ಕೇಳಿಸಿತು. ವೇಗ ಹೆಚ್ಚಿಸದೆ, ಕತ್ತರಿಸದೆ, ಆ ದಿನ ಹಾಡಿದ ಹಾಗೇ. "ಇರು, ಬಂ..." ಆಮೇಲೆ ಹಿಕ್ ಅಂತ ಒಂದು ಸದ್ದು. "...ದೆ." ತಂಗಿಯ ದನಿ. ನಂತರ ದೂರದಿಂದ, ಸಿಡುಕು ತುಂಬಿದ ನನ್ನ ಕೂಗು: "ಏಯ್, ನೀರು ಕುಡಿದು ಬಾರೇ! ನಿನ್ನ ಬಿಕ್ಕಳಿಕೆಯಿಂದ ಹಾಡು ಹಾಳಾಗುತ್ತೆ!"

ಮೇ 9, ಶುಕ್ರವಾರ

ಬಿಕ್ಕಳಿಕೆ!

ಮೇ 11, ಭಾನುವಾರ

ತಂಗಿ ಬಂದಳು. ಗಿರಗಿಟ್ಲೆ ಫೋನ್ ಮಾಡಿ ಎಲ್ಲ ಹೇಳಿರಬೇಕು, ಒಳಗೆ ಬರುವ ಮೊದಲೇ ಕಣ್ಣು ಕೆಂಪಾಗಿತ್ತು. ಅಮ್ಮ ಬಟಾಣಿ ಸುಲಿಯುತ್ತಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು, ಟೆನಿಸ್ ಆಟ ನೋಡುವವರ ಹಾಗೆ.

"ಮೊದಲ ದಿನವೇ ಗೊತ್ತಿತ್ತಾ?" ಅಂದೆ.

"ಗೊತ್ತಿತ್ತು."

"ಬಾಯಿ ಬಿದ್ದುಹೋಗಿತ್ತಾ ಹೇಳೋಕ್ಕೆ? ಊರೆಲ್ಲ ನನ್ನನ್ನ ಹೊಗಳ್ತಿದ್ರೆ ಸುಮ್ನೆ ನೋಡ್ಕೊಂಡಿದ್ಯಲ್ಲೇ! ನಾನು ಕನ್ನಡಿ ಮುಂದೆ..." ಕನ್ನಡಿಯ ವಿಷಯ ಅಲ್ಲಿಗೇ ನಿಲ್ಲಿಸಿದೆ.

"ನೀನು ಮೂಲೆ ಹಿಡಿದು ಕೂತಿದ್ದೆ ಅಕ್ಕಾ. ಊಟ ಅರ್ಧಕ್ಕೇ ಬಿಡ್ತಿದ್ದೆ. ಆ ಪೇಪರ್ ಓದಿದ ದಿನ ಎರಡು ಸಲ ಬಡಿಸ್ಕೊಂಡೆ. ಅಂಥ ಔಷಧಿ ಯಾವ ಡಾಕ್ಟರ್ ಬರೆದುಕೊಡ್ತಾರೆ? ಅದನ್ನ ನಾನೇ ಕಿತ್ಕೊಳ್ಲಾ?"

ಅಮ್ಮನ ಮುಂದಿನ ಬಟಾಣಿಯೊಂದನ್ನು ಎತ್ತಿಕೊಂಡು ನಾನೂ ಸುಲಿಯತೊಡಗಿದೆ.

"ಅಡುಗೆಮನೆಗೆ ಓಡಿ ಹೋದ್ಯಲ್ಲ ಅವತ್ತು. ಅಳೋಕ್ಕಾ?"

ತಲೆ ತಗ್ಗಿಸಿದಳು. "ನಗೋಕ್ಕೆ. 'ನೊಂದು ಬೆಂದ ಆತ್ಮ' ಅಂತೆ. ನಾನು ಅವತ್ತು ಸ್ಟುಡಿಯೋಗೆ ಬರೋವಾಗ ಗಬಗಬ ಅಂತ ಎರಡು ಬನ್ನು ತಿಂದಿದ್ದೆ ಅಕ್ಕಾ."

ನಾನು ಗಂಭೀರವಾಗಿಯೇ ಇರಬೇಕೆಂದಿದ್ದೆ. ಆದರೆ ಆ ಬನ್ನು ನನ್ನನ್ನು ಕೆಡವಿತು. ಮೊದಲು ನಾನು, ಆಮೇಲೆ ಅವಳು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆವು. ಅಮ್ಮ ಏನು ಏನು ಅಂತ ಕೇಳಿ ಕೇಳಿ, ಯಾರೂ ಹೇಳದಿದ್ದಾಗ ಸಿಟ್ಟಾಗಿ ಇಬ್ಬರ ಮೇಲೂ ಬಟಾಣಿ ಸಿಪ್ಪೆ ಎರಚಿದಳು.

ತಾರಸಿಯ ಕಾರ್ಯಕ್ರಮಕ್ಕೆ ಅವಳೇ ಹಾಡಬೇಕು ಅಂದೆ. ನಗು ಅಲ್ಲಿಗೇ ನಿಂತಿತು. "ನಾನು ಒಲ್ಲೆ. ನೀನೇ ಹೋಗು. ಯಾರಿಗೂ ಗೊತ್ತಾಗಲ್ಲ. ನಾನು ಹಿಂದೆ ನಿಲ್ಲೋಳು ಅಕ್ಕಾ, ಮುಂದೆ ಬಂದ್ರೆ ನನ್ನ ಕಾಲು ನಂದಲ್ಲ."

ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ನಿಜ. ಗಿರಗಿಟ್ಲೆಯೂ, ನೀವಿಬ್ಬರೂ ಹೇಗೆ ಹೇಳುತ್ತೀರೋ ಹಾಗೆ ಅಂದಿದ್ದಾಳೆ. ಈ ಮಾತನ್ನು ಎರಡು ದಿನದಿಂದ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಮೇ 13, ಮಂಗಳವಾರ

ಪತ್ರಿಕೆಯ ಆ ದೊಡ್ಡ ಮನುಷ್ಯನಿಗೆ ಫೋನ್ ಮಾಡಿದೆ.

"ಹೇಳಿ ಸಾರ್," ಅಂದ.

ಸಾರ್! ನನ್ನ ಹೊಸ ದನಿಯ ಫಲ. ಯಾರೆಂದು ತಿಳಿಸಿ, ವಿಷಯ ಹೇಳಿದೆ. ಆ ದನಿ ನನ್ನದಲ್ಲ, ನನ್ನ ತಂಗಿಯದು. ಕನ್ನಡಕದ ಅಂಗಡಿಯಲ್ಲಿ ಸಿಗುತ್ತಾಳೆ. ಬರೆಯುವುದಿದ್ದರೆ ಅವಳ ಬಗ್ಗೆ ಬರೆಯಿರಿ.

"ಹಾಗಾದ್ರೆ ಆ ಬಿಕ್ಕು ಅವರ ಜೀವನದ ಯಾವ ನೋವಿನಿಂದ..."

"ಎರಡು ಬನ್ನು ತಿಂದಿದ್ಲು ಸಾರ್. ಅದು ಬಿಕ್ಕಳಿಕೆ."

ಆ ಕಡೆ ಪೆನ್ನು ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಕ್ಷೀಣವಾಗಿ, "ಬಿಕ್ಕಳಿಕೆನಾ?" ಅಂದ. ಪಾಪ, ನೊಂದು ಬೆಂದದ್ದು ಅವನೇ.

ಸಂಜೆ ತಂಗಿ ಅಂಗಡಿಯಿಂದಲೇ ಫೋನ್ ಮಾಡಿ ಕಿರುಚಿದಳು. "ಯಾರೋ ಫೋಟೋ ತೆಗೆಯೋರು ಬಂದು ನಿಂತಿದ್ದಾರೆ ಅಕ್ಕಾ! ಏನು ಮಾಡಿಟ್ಟೆ ನೀನು!" ಇನ್ನು ಅವಳು ಒಲ್ಲೆ ಅನ್ನುವ ಹಾಗಿಲ್ಲ. ಊರಿಗೆಲ್ಲ ಗೊತ್ತಾಗುತ್ತದೆ. ರಾತ್ರಿ ಒಳ್ಳೆಯ ನಿದ್ದೆ ಬರುವ ಲಕ್ಷಣ ಇದೆ.

ಮೇ 20, ಮಂಗಳವಾರ

ಸ್ಟುಡಿಯೋದಲ್ಲಿ ಅಭ್ಯಾಸ. ತಂಗಿಗೆ ಬೇಕೆಂದಾಗ ಬಿಕ್ಕಳಿಕೆ ಬರುತ್ತಿಲ್ಲ. ದಪ್ಪತಂತಿ ಬನ್ನು ತಂದ. ತಿಂದಳು, ಬರಲಿಲ್ಲ. ಗಟಗಟ ಸೋಡಾ ಕುಡಿದಳು, ತೇಗು ಬಂತು. ಗಿರಗಿಟ್ಲೆ ಹಿಂದಿನಿಂದ ಬಂದು ಬೆಚ್ಚಿ ಬೀಳಿಸಿದಳು. "ಬಿಕ್ಕಳಿಕೆ ನಿಲ್ಸೋಕ್ಕೆ ಹಾಗೆ ಮಾಡೋದು, ಬರ್ಸೋಕ್ಕಲ್ಲ!" ಅಂತ ತಂಗಿ ರೇಗಿದಳು. ತಂಗಿ ರೇಗಿದ್ದನ್ನು ನಾನು ನೋಡಿದ್ದೇ ಅಪರೂಪ. ಚೆನ್ನಾಗಿ ರೇಗುತ್ತಾಳೆ.

ನನ್ನ ಗಂಟಲಿನಿಂದ ಏನು ಹೊರಡುತ್ತದೋ ನೋಡೋಣ ಅಂತ ಅವಳ ದನಿಯ ಕೆಳಗೆ ಸುಮ್ಮನೆ ಒಂದು ಸ್ವರ ಹಿಡಿದೆ. ಬಾವಿಯ ತಳದ ದನಿಯಲ್ಲಿ, "ಕದ ತಟ್ಟಿದೆ, ಕದ ತಟ್ಟಿದೆ" ಅಂತ, ಆ ದಬ್ ದಬ್ ಜೊತೆಗೇ. ಗಿರಗಿಟ್ಲೆಯ ಕುರ್ಚಿ ಗಕ್ಕನೆ ನಿಂತಿತು. "ಆಂಟೀ! ಎಲ್ಲಿತ್ತು ಇದು ಇಷ್ಟು ದಿನ?"

ಎಲ್ಲಿತ್ತೋ ನನಗೇನು ಗೊತ್ತು. ನಾನು ಯಾವತ್ತೂ ಅಷ್ಟು ಕೆಳಗೆ ಇಳಿದು ನೋಡಿರಲಿಲ್ಲ.

ತಂಗಿಯ ಬಗ್ಗೆ ಒಂದು ಚೀಟಿ ಬರೆಯೋಣ ಅಂತ ಪೆನ್ನು ತೆಗೆದಿದ್ದೆ. ಅವಳು ಹಾಡಲು ಶುರು ಮಾಡಿದಳು, ಮರೆತುಹೋಯಿತು.

ಮೇ 25, ಭಾನುವಾರ

ಮನೆಗೆ ಬಂದು ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮಾರ್ಕೆಟ್ಟಿನ ತಾರಸಿಯಲ್ಲಿ ಮಟಮಟ ಮಧ್ಯಾಹ್ನ. ಕಾರು ನಿಲ್ಲಿಸುವ ಬಿಳಿ ಗೆರೆಗಳ ಮೇಲೆ ಜನವೋ ಜನ. ಬರೀ ಹುಡುಗ ಹುಡುಗಿಯರು ಅಂದುಕೊಂಡಿದ್ದೆ. ತರಕಾರಿ ಮಾರುವವರು ಏಪ್ರನ್ ಬಿಚ್ಚದೆ ಬಂದಿದ್ದರು. ಕೂಸಿನ ಕಿವಿಗೆ ದಪ್ಪ ಮುಚ್ಚಳ ಹಾಕಿ ಎತ್ತಿಕೊಂಡ ತಾಯಿ ಇದ್ದಳು. ಒಬ್ಬ ಮುದುಕ ತನ್ನ ಕೋಲನ್ನು ಹೆಂಡತಿಯ ಕೈಗೆ ಕೊಟ್ಟು, ಇದ್ದಲ್ಲೇ ಮೊಣಕಾಲು ಕುಣಿಸುತ್ತಿದ್ದ. ಬ್ರೆಡ್ಡಿನ ಅಂಗಡಿಯವನೂ ಬಂದಿದ್ದ. ಅಮ್ಮನಿಗೆ ಕುರ್ಚಿ ಹಾಕಿಸಿದ್ದೆವು. ಅವಳು ಅದನ್ನು ಬಿಟ್ಟು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೆ ಬೆನ್ನು ಆನಿಸಿ ನಿಂತುಬಿಟ್ಟಿದ್ದಳು. ಎಳೆಯಲು ಹೋದರೆ ನನ್ನ ಕೈ ತಳ್ಳಿದಳು. "ಬಿಡೇ! ಎಷ್ಟೋ ವರ್ಷ ಆದ್ಮೇಲೆ ಕೇಳ್ತಿದೆ! ಬೆನ್ನಿಗೆ ಕೇಳ್ತಿದೆ!" ಅಂತ ಅರಚಿದಳು. ಬಿಟ್ಟೆ.

ಗಿರಗಿಟ್ಲೆ ಹಾಡಿನ ಎರಡು ತಟ್ಟೆ ತಿರುಗಿಸುತ್ತಾ ನಮ್ಮನ್ನು ಕರೆದಳು. ವೇದಿಕೆಯ ಮುಂದಿನ ಮೈಕು ತಂಗಿಗೆ. ನಾನು ಹಿಂದೆ, ಎಡಕ್ಕೆ. ಜನರ ಕೂಗು ಎದ್ದದ್ದೇ ತಡ, ತಂಗಿಗೆ ಹಳೆಯ ಚಾಳಿ, ಹಿಂದೆ ಹಿಂದೆ ಸರಿದು ನನ್ನ ಹೆಬ್ಬೆರಳನ್ನು ಹಿಮ್ಮಡಿಯಿಂದ ತುಳಿದಳು. ಜೀವ ಹೋಯಿತು. ಅವಳ ಬೆನ್ನು ನನ್ನ ಎದೆಗೆ ಅಂಟಿಕೊಂಡಿತು. "ಆಗಲ್ಲ ಅಕ್ಕಾ. ನನ್ನ ಕೈಲಾಗಲ್ಲ."

ಕಿವಿಯಲ್ಲಿ ಹೇಳಿದೆ, "ಇದು ನನ್ನ ಜಾಗ ಕಣೇ. ನಿಂದು ಮುಂದಿದೆ, ಹೋಗು."

ತಿರುಗಿ ನನ್ನ ಮುಖ ನೋಡಿದಳು. ಹೋದಳು.

ನಾನು ಕೆಳಗಿನ ಸ್ವರ ಹಿಡಿದೆ. ಕದ ತಟ್ಟಿದೆ, ಕದ ತಟ್ಟಿದೆ. ತಾರಸಿಯೇ ತಟ್ಟಿತು. ತಂಗಿ ಮೈಕನ್ನು ಕಂಬದಿಂದ ಕಿತ್ತುಕೊಂಡು, "ಇರು, ಬಂ..." ಅಂತ ಎತ್ತಿದಳು. ಬಿಕ್ಕಳಿಕೆ ಬರಬೇಕಾದ ಜಾಗ ಬಂತು, ಬಿಕ್ಕಳಿಕೆ ಬರಲಿಲ್ಲ. ಅವಳು ಬಾಯಿ ತೆರೆದೇ ನಿಂತಳು. ಆ ಖಾಲಿ ಜಾಗದಲ್ಲಿ ಇಡೀ ತಾರಸಿ ಒಟ್ಟಿಗೆ, ಮುದುಕ, ತರಕಾರಿಯವರು, ಬ್ರೆಡ್ಡಿನವನು, ಎಲ್ಲರೂ, "ಹಿಕ್!" ಅಂದರು. ಪತ್ರಿಕೆ ಓದಿಕೊಂಡೇ ಬಂದಿದ್ದರು! ತಂಗಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ "...ದೆ!" ಅಂತ ಬಿಟ್ಟಳು ನೋಡು, ಆ ಸ್ವರ ಎದುರಿನ ಕಟ್ಟಡಕ್ಕೆ ಹೊಡೆದು ವಾಪಸ್ ಬಂತು.

ಆಮೇಲಿನದ್ದು ಸರಿಯಾಗಿ ನೆನಪಿಲ್ಲ, ನಾನು ಅವಳನ್ನೇ ನೋಡುತ್ತಿದ್ದೆ. ಮೇಲಿನ ಸ್ವರಕ್ಕೆ ಹೋಗುವ ಮೊದಲು ಅವಳ ಬಲ ಹಿಮ್ಮಡಿ ನೆಲದಿಂದ ಏಳುತ್ತದೆ. ಭುಜದ ಮೂಳೆಗಳು ಹತ್ತಿರ ಬರುತ್ತವೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಅಂತ ಬೆನ್ನು ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ನಾನು ಸ್ವಲ್ಪ ಜೋರಾದೆ, ಅವಳು ನಿರಾಳವಾಗಿ ಉಸಿರು ಎಳೆದುಕೊಳ್ಳಲಿ ಅಂತ. ಹಿಂದೆ ನಿಂತವರಿಗೆ ಎಷ್ಟೊಂದು ಕೆಲಸ ಇರುತ್ತದೆ!

ಕುಣಿದೆನೋ ಇಲ್ಲವೋ ಗೊತ್ತಿಲ್ಲ. ಕಾಲಂತೂ ಊದಿದೆ.

ಜೂನ್ 7, ಶನಿವಾರ

ಎರಡೇ ಸಾಲು ಬರೆಯುತ್ತೇನೆ, ವ್ಯಾನ್ ಬರುವ ಹೊತ್ತಾಯಿತು. ಹೋಟೆಲಿನವರು ಸಂಜೆಗೆ ಕುರ್ಚಿಗಳನ್ನೆಲ್ಲ ತೆಗೆದುಬಿಟ್ಟಿದ್ದಾರಂತೆ, ಕುಣಿಯಲು ಜಾಗ ಬೇಕಂತೆ. ಬೆಳಿಗ್ಗೆ ಡಾಕ್ಟರು ಮತ್ತೆ ನೋಡಿದರು. ಮೇಲಿನ ಸ್ವರದ ಬಗ್ಗೆ ಏನೋ ಹೇಳುತ್ತಿದ್ದರು. ತಂಗಿ ಹೊರಗೆ ಕಾಯುತ್ತಿದ್ದಳು, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಲ ಕೇಳಬೇಕು.

ಅಲ್ಲಿಂದ ನಡೆದು ಬರುವಾಗ, ರಸ್ತೆ ದಾಟಲು ನಿಂತಿದ್ದೆವು. ತಂಗಿ ಇದ್ದಕ್ಕಿದ್ದಂತೆ, "ಅಕ್ಕಾ, ಒಂದು ಹಾಡು ಕಟ್ಟಿದ್ದೀನಿ. ನಗಬಾರದು," ಅಂದಳು. ಅವಳು ಹಾಡು ಕಟ್ಟುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲೇ, ಸಿಗ್ನಲ್ಲಿನ ಕಂಬಕ್ಕೆ ಉಂಗುರದಿಂದ ತಾಳ ಹಾಕುತ್ತಾ ಪೂರ್ತಿ ಹಾಡಿದಳು. ದೀಪ ಎರಡು ಸಲ ಹಸಿರಾಗಿ ಕೆಂಪಾಯಿತು, ನಾವು ದಾಟಲಿಲ್ಲ. ಎರಡನೇ ಚರಣದಲ್ಲಿ ಒಂದು ಪದ ಹೆಚ್ಚಾಗಿತ್ತು. ಹೇಳೋಣ ಅಂತ ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಕನ್ನಡಕ ಹಾಕಿಸಿಕೊಂಡವರು ಕನ್ನಡಿ ನೋಡುವ ಹಾಗೆ.

"ಇನ್ನೊಂದ್ಸಲ ಹಾಡು," ಅಂದೆ. "ಇದರಲ್ಲಿ ನಂದು ಯಾವ ಸಾಲು?"